ಬೇಲಿಯಾಚೆಗೊಂದು ಫೋಟೋ, ಬೇಲಿಯೀಚೆಗೊಂದಿಷ್ಟು ನೆಟ್ಟು

"ಅಕ್ಕಾ, ಸೋಗೆನ ಹಾಗೆ ಬಿಸಿಲಿಗೆ ಹಿಡೀಬೇಡಿ. ಸ್ವಲ್ಪ ಈ ಹಲಸಿನ ನೆರಳಿಗೆ ಬನ್ನಿ. ಹಾಂ, ಈಗ ನೋಡಿ, ಚುಕ್ಕಿ ಸುತ್ತ ಹಳದಿ ಅಂಚು ಸರಿಯಾಗಿ ಕಾಣ್ತಿದೆ."

"ಒತ್ತಿದ್ರೆ ಫೋಟೋ ಹೋಗ್ತದೆ ಅಂತ ಹೇಳಿ ಹೋದ ಮಗ. ಇದ್ರಲ್ಲೂ ಇಷ್ಟೆಲ್ಲ ಇದ್ಯಾ ಮಾರಾಯ?"

ಇದೆ. ಅದನ್ನು ಹೇಳೋದಕ್ಕೇ ಈ ಹರಟೆ.

ನಮ್ಮ ಮನೆಗೂ ಅಕ್ಕನ ಮನೆಗೂ ನಡುವೆ ಇರುವುದು ದಾಸವಾಳದ ಬೇಲಿ. ಅದರ ಮಧ್ಯೆ ಒಂದು ತಡಬೆ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿದ ಮೇಲೆ ಅಕ್ಕ ಆ ಕಡೆ, ನಾನು ಈ ಕಡೆ. ಮಾತಿಗೆ ವಿಷಯ ಹುಡುಕಬೇಕಾಗಿಲ್ಲ. ಈಚೆಗೆ ಬೆಂಗಳೂರಿನ ಮಗ ತಾನು ಬಳಸುತ್ತಿದ್ದ ಸ್ಮಾರ್ಟ್‌ಫೋನನ್ನು ಅಕ್ಕನ ಕೈಗೆ ಕೊಟ್ಟು ಹೋಗಿದ್ದಾನೆ. ಅಂದಿನಿಂದ ಬೇಲಿಯ ಮಾತೆಲ್ಲ ಆ ಫೋನಿನ ಸುತ್ತಲೇ. ಅದರಲ್ಲೂ ಎರಡೇ ವಿಷಯ: ಫೋಟೋ ಕಳಿಸುವುದು ಹೇಗೆ, ನೆಟ್ಟನ್ನು ಇನ್ನೊಬ್ಬರಿಗೆ ಕೊಡುವುದು ಹೇಗೆ. ಫೋನಿನಲ್ಲಿ ನೂರು ಕೆಲಸ ಇರಬಹುದು. ಮಲೆನಾಡಿನ ಒಂದು ಮನೆಗೆ ಈ ಎರಡು ಬಂದರೆ ಮುಕ್ಕಾಲು ಪಾಲು ಫೋನು ಬಂದ ಹಾಗೆಯೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಕ್ಕನಿಗೆ ಫೋಟೋ ಕಳಿಸುವ ಅವಸರ ಯಾಕೆಂದು ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಹೊಸನಗರ ಕಡೆಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಡಿಕೆಗೆ ಎಲೆಚುಕ್ಕಿ ಬಂದಿದೆ. ಕೆಳಗಿನ ಸೋಗೆಯಲ್ಲಿ ಸಾಸಿವೆ ಗಾತ್ರದ ಕಂದು ಚುಕ್ಕಿ ಕಾಣಿಸುತ್ತದೆ. ಸುತ್ತ ಹಳದಿ ಅಂಚು. ದಿನ ಕಳೆದಂತೆ ಚುಕ್ಕಿಗೆ ಚುಕ್ಕಿ ಕೂಡಿ ಗರಿಗಳೆಲ್ಲ ಸುಟ್ಟಂತೆ ಒಣಗುತ್ತವೆ. ಮೊದಲ ಚುಕ್ಕಿಯಲ್ಲೇ ಗುರುತು ಹಿಡಿದರೆ ಏನಾದರೂ ಮಾಡಬಹುದು. ಗುಡ್ಡದ ಬುಡದ ತೋಟದಿಂದ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯಕ್ಕೋ ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಕೇಂದ್ರಕ್ಕೋ ಸೋಗೆ ಕಟ್ಟಿಕೊಂಡು ಬಸ್ಸು ಹತ್ತಿದರೆ ಒಂದು ದಿನ ಹೋಯಿತು. ಸೋಗೆ ಅಲ್ಲಿ ಮುಟ್ಟುವ ಹೊತ್ತಿಗೆ ಬಾಡಿರುತ್ತದೆ, ಚುಕ್ಕಿಯ ಬಣ್ಣವೂ ಬದಲಾಗಿರುತ್ತದೆ. ಫೋಟೋ ಬಾಡುವುದಿಲ್ಲ.

ಇಲ್ಲಿ ಒಂದು ಹಳೆಯ ಮಾತು ಹೇಳಿಬಿಡುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ನಮ್ಮ ಹಿರಿಯರು ಗೊನೆಗೆ ಕರಡದ ಹುಲ್ಲಿನ ಹೊದಿಕೆ, ಅಂದರೆ ಕೊಟ್ಟೆ, ಕಟ್ಟುತ್ತಿದ್ದರು. ಕೆನಡಾದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದದ್ದು 1908ರಲ್ಲಿ. ಕೊಳೆರೋಗದ ಬಗ್ಗೆ ಅವರು ಬರೆದ ಪುಸ್ತಿಕೆ 1910ರಲ್ಲಿ ಅಚ್ಚಾಯಿತು. ಇವತ್ತಿಗೂ ಮಳೆಗಾಲದ ಮೊದಲು ನಾವು ಹೊಡೆಯುವ ಬೋರ್ಡೋ ದ್ರಾವಣ, ಅಂದರೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು, ಅಡಿಕೆ ತೋಟಕ್ಕೆ ಬಂದದ್ದು ಅವರ ಕಾಲದಲ್ಲಿ. ಆ ಮನುಷ್ಯ ರೋಗ ನೋಡಲು ತೋಟಕ್ಕೇ ಬರಬೇಕಿತ್ತು, ಇಲ್ಲವೇ ಕೊಳೆತ ಕಾಯಿ ಅವರಿದ್ದಲ್ಲಿಗೆ ಹೋಗಬೇಕಿತ್ತು. ಅಂಥವರ ಕೈಗೆ ಅಕ್ಕನ ತೋಟದ ಒಂದು ಒಳ್ಳೆಯ ಫೋಟೋ ಅರ್ಧ ನಿಮಿಷದಲ್ಲಿ ಸಿಗುವಂತಿದ್ದರೆ ಎಷ್ಟು ಮಳೆಗಾಲ ಉಳಿಯುತ್ತಿತ್ತು ಅಂತ ನನಗೆ ಆಗಾಗ ಅನಿಸುತ್ತದೆ. ನಮಗೆ ಈಗ ಆ ಅನುಕೂಲ ಇದೆ. ಅದನ್ನು ಸರಿಯಾಗಿ ಬಳಸದಿದ್ದರೆ ಅವರ ಶ್ರಮಕ್ಕೆ ನಾವು ತೋರಿಸುವ ಮರ್ಯಾದೆ ಏನು?

"ಸರಿಯಾಗಿ ಅಂದ್ರೆ?"

ಅಂದರೆ ಹೀಗೆ, ಅಕ್ಕ. ನಡುಮಧ್ಯಾಹ್ನದ ಬಿಸಿಲಲ್ಲಿ ತೆಗೆದರೆ ಗರಿ ಹೊಳೆದು ಚುಕ್ಕಿ ಮಾಯವಾಗುತ್ತದೆ. ನೆರಳಿನಲ್ಲಿ, ಆದರೆ ಬೆಳಕು ಇರುವ ಹೊತ್ತಲ್ಲಿ ತೆಗೆಯಬೇಕು. ಗರಿಯ ಮೇಲ್ಭಾಗ ಒಂದು, ಅಡಿಭಾಗ ಒಂದು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಚುಕ್ಕಿ ಎಷ್ಟು ದೊಡ್ಡದೆಂದು ದೂರದಲ್ಲಿ ಕೂತವರಿಗೂ ಗೊತ್ತಾಗುತ್ತದೆ. ಆಮೇಲೆ ಸ್ವಲ್ಪ ಹಿಂದೆ ಸರಿದು ಇಡೀ ಮರದ್ದು ಒಂದು, ಇನ್ನೂ ಹಿಂದೆ ಬಂದು ತೋಟದ್ದು ಒಂದು. ಕೆಳಗಿನ ಸೋಗೆಗೆ ಬಂದಿದೆಯೋ ಮೇಲಿನದಕ್ಕೂ ಏರಿದೆಯೋ ಅನ್ನುವುದು ಆ ದೂರದ ಫೋಟೋದಲ್ಲೇ ತಿಳಿಯುವುದು. ಜೊತೆಗೆ ನಾಲ್ಕು ಮಾತು: ಯಾವ ಊರು, ಮರಕ್ಕೆ ಎಷ್ಟು ವರ್ಷ, ಯಾವಾಗಿನಿಂದ, ಯಾವ ಔಷಧಿ ಹೊಡೆದದ್ದು. ಮಾತಿಲ್ಲದ ಫೋಟೋ ನೋಡಿ ಉತ್ತರ ಹೇಳುವವರ ಕಷ್ಟವನ್ನು ಯೋಚಿಸಿ.

ಇಷ್ಟಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಅಕ್ಕನ ಫೋನಿನ ಕ್ಯಾಮೆರಾ 12 ಮೆಗಾಪಿಕ್ಸೆಲ್‌ನದು. ಚಿತ್ರದ ಉದ್ದ 4000 ಪಿಕ್ಸೆಲ್, ಅಗಲ 3000. ವಾಟ್ಸ್ಆ್ಯಪ್ ಮಾಮೂಲಿಯಾಗಿ ಅದನ್ನು ಹಾಗೆಯೇ ಕಳಿಸುವುದಿಲ್ಲ. ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸಿ ಕಳಿಸುತ್ತದೆ. ನೆಟ್ಟು ಉಳಿಯಲಿ, ಬೇಗ ಹೋಗಲಿ ಅನ್ನುವುದು ಅದರ ಲೆಕ್ಕ. ಮೊಮ್ಮಗುವಿನ ಮುಖಕ್ಕೆ ಅಷ್ಟು ಧಾರಾಳ ಸಾಕು. ಸಾಸಿವೆ ಗಾತ್ರದ ಚುಕ್ಕಿಗೆ ಸಾಲದು. ಆ ಕಡೆಯವರು ದೊಡ್ಡದು ಮಾಡಿ ನೋಡಿದರೆ ಹಳದಿ ಅಂಚು ಕಲಸಿಹೋಗಿರುತ್ತದೆ, ಇದು ಎಲೆಚುಕ್ಕಿಯೋ ಬಿಸಿಲಿಗೆ ಸುಟ್ಟದ್ದೋ ಹೇಳಲಾಗುವುದಿಲ್ಲ. 2023ರ ಆಗಸ್ಟ್‌ನಿಂದ ಫೋಟೋ ಕಳಿಸುವ ಪರದೆಯ ಮೇಲೆ 'ಎಚ್‌ಡಿ' ಅಂತ ಒಂದು ಗುಂಡಿ ಬಂದಿದೆ. ಅದನ್ನು ಒತ್ತಿ ಕಳಿಸಿದರೆ ಎಷ್ಟೋ ವಾಸಿ. ಇನ್ನೂ ಚೆನ್ನಾಗಿ ಬೇಕಾದರೆ ಪಿನ್ ಗುರುತು ಒತ್ತಿ, ಫೋಟೋ ಅನ್ನುವ ಕಡೆ ಹೋಗದೆ 'ಡಾಕ್ಯುಮೆಂಟ್' ಅನ್ನುವ ಕಡೆಯಿಂದ ಕಳಿಸಬೇಕು. ಆಗ ಚಿತ್ರ ಒಂದು ಚುಕ್ಕಿಯೂ ಕಡಿಮೆಯಾಗದೆ ಹೋಗುತ್ತದೆ.

ಹಾಗೆ ಕಳಿಸುವಾಗ ಇನ್ನೊಂದು ನೆನಪಿರಲಿ. ಫೋನಿನಲ್ಲಿ ಜಾಗ ಗುರುತಿಸುವ ಸೌಲಭ್ಯ ಚಾಲೂ ಇದ್ದರೆ, ತೆಗೆದ ಜಾಗ, ದಿನ, ಹೊತ್ತು ಎಲ್ಲವೂ ಚಿತ್ರದ ಕಡತದೊಳಗೇ ಬರೆದಿರುತ್ತದೆ. ಫೋಟೋ ಅಂತ ಕಳಿಸಿದರೆ ವಾಟ್ಸ್ಆ್ಯಪ್ ಆ ಬರಹವನ್ನು ತೆಗೆದುಹಾಕುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಅದೂ ಜೊತೆಗೇ ಹೋಗುತ್ತದೆ. ಕೃಷಿ ವಿಜ್ಞಾನಿಗೆ ಅದರಿಂದ ಉಪಕಾರ. ಗುರುತು ಪರಿಚಯ ಇಲ್ಲದವರಿಗೆ ಮನೆಯ ಮಕ್ಕಳ ಫೋಟೋವನ್ನು ಹಾಗೆ ಕಳಿಸಬಾರದು.

"ನಮ್ ಕಾಲ್ದಲ್ಲಿ ಮದುವೆ ಫೋಟೋ ಬರಕ್ಕೇ ಎರಡು ತಿಂಗಳು. ಇದೆಲ್ಲ ಯಾರು ಶುರು ಮಾಡಿದ್ದು?"

ಆ ಕತೆ ನನಗೆ ಬಹಳ ಇಷ್ಟ. 1997ರ ಜೂನ್ 11. ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನ ಹೆರಿಗೆ ಆಸ್ಪತ್ರೆ. ಫಿಲಿಪ್ ಕಾನ್ ಅನ್ನುವ ತಂತ್ರಜ್ಞ ಹೆಂಡತಿಯ ಹೆರಿಗೆ ಕಾಯುತ್ತಾ ಕೂತಲ್ಲೇ ಒಂದು ಡಿಜಿಟಲ್ ಕ್ಯಾಮೆರಾ, ಒಂದು ಮೊಬೈಲು, ಒಂದು ಲ್ಯಾಪ್‌ಟಾಪ್ ಸೇರಿಸಿ ತಂತಿ ಜೋಡಿಸಿದ. ಮಗಳು ಹುಟ್ಟಿದಳು. ಅವಳ ಫೋಟೋ ಆಸ್ಪತ್ರೆಯಿಂದಲೇ ಸುಮಾರು 2000 ಮಂದಿ ನೆಂಟರಿಗೆ, ಗೆಳೆಯರಿಗೆ ಹೋಯಿತು. ಮೊಬೈಲಿನಿಂದ ಹೀಗೆ ಹಲವರಿಗೆ ಹೋದ ಮೊದಲ ಫೋಟೋ ಅದೇ ಅನ್ನುತ್ತಾರೆ. ಯಂತ್ರದ ಜಗತ್ತಿನಲ್ಲಿ ಎಷ್ಟೋ ಸಂಗತಿ ಯುದ್ಧಕ್ಕೋ ವ್ಯಾಪಾರಕ್ಕೋ ಹುಟ್ಟಿವೆ. ಇದು ಮಾತ್ರ ಒಂದು ಕೂಸನ್ನು ನಾಲ್ಕು ಜನರಿಗೆ ತೋರಿಸಬೇಕು ಅನ್ನುವ ತವಕದಿಂದ ಬಂತು. ಬಾಣಂತಿ ಮನೆಗೆ ಹೋಗಿ ಮಗು ನೋಡಿ ಬರುವ ನಮ್ಮವರಿಗೆ ಆ ತವಕ ಅರ್ಥವಾಗುತ್ತದೆ.

2000ದ ನವೆಂಬರಿನಲ್ಲಿ ಜಪಾನಿನಲ್ಲಿ ಕ್ಯಾಮೆರಾ ಇರುವ ಫೋನು, ಅದರಿಂದಲೇ ಚಿತ್ರ ಕಳಿಸುವ ಸೇವೆ ಎರಡೂ ಅಂಗಡಿಗೆ ಬಂದವು. 2002ರಲ್ಲಿ ಯೂರೋಪಿನಲ್ಲಿ ಎಂಎಂಎಸ್, ಅಂದರೆ ಚಿತ್ರ ಸಂದೇಶದ ಸೇವೆ, ಶುರುವಾಯಿತು. ಅದೇ ವರ್ಷ ನೋಕಿಯಾದ 7650 ಬಂತು. ಆ ಕಂಪನಿಯ ಫೋನುಗಳಲ್ಲಿ ಒಳಗೇ ಕ್ಯಾಮೆರಾ ಇದ್ದದ್ದು ಅದರಲ್ಲೇ ಮೊದಲು. ಆಮೇಲೆ ನಮ್ಮ ಪೇಟೆಗಳಿಗೂ ಅಂಥ ಫೋನುಗಳು ಬಂದವು. ಎಂಎಂಎಸ್ ಕಳಿಸಬೇಕೆಂದರೆ ಮೊದಲು ಕಂಪನಿಗೆ ಸಂದೇಶ ಕಳಿಸಿ ಸೆಟ್ಟಿಂಗ್ ತರಿಸಿಕೊಂಡು ಫೋನಿನಲ್ಲಿ ಉಳಿಸಿಕೊಳ್ಳಬೇಕಿತ್ತು. ಒಂದೊಂದು ಚಿತ್ರಕ್ಕೂ ದುಡ್ಡು ಬೇರೆ. ಬಹಳ ಕಡೆ ಚಿತ್ರ 300 ಕೆ.ಬಿ. ದಾಟುವಂತಿರಲಿಲ್ಲ. ಚಿತ್ರ ನೇರವಾಗಿ ಪಡೆಯುವವರ ಫೋನಿಗೆ ಹೋಗುತ್ತಲೂ ಇರಲಿಲ್ಲ. ಕಂಪನಿಯ ಕೇಂದ್ರದಲ್ಲಿ ಕೂರುತ್ತಿತ್ತು. ನಿನಗೊಂದು ಚಿತ್ರ ಬಂದಿದೆ ಅಂತ ಆ ಫೋನಿಗೆ ಒಂದು ಸಣ್ಣ ಸೂಚನೆ ಹೋಗುತ್ತಿತ್ತು. ಫೋನು ಕೇಂದ್ರಕ್ಕೆ ಹೋಗಿ ಇಳಿಸಿಕೊಳ್ಳಬೇಕು. ಇಳಿಸಿಕೊಳ್ಳಲಾಗದ ಫೋನಾದರೆ ಒಂದು ಕೊಂಡಿ ಮಾತ್ರ ಬರುತ್ತಿತ್ತು. ಅದನ್ನು ಕಂಪ್ಯೂಟರ್ ಇದ್ದವರು ತೆರೆದು ನೋಡಬೇಕು. ಹಳ್ಳಿಯಲ್ಲಿ ಕಂಪ್ಯೂಟರ್ ಯಾರ ಮನೆಯಲ್ಲಿತ್ತು?

ಬರೀ ಅಕ್ಷರದ ಸಂದೇಶದಲ್ಲೂ ಕನ್ನಡಕ್ಕೆ ಜಾಗ ಕಡಿಮೆ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸಿದರೆ ಕನ್ನಡದ್ದು 70 ಮಾತ್ರ, ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಅಕ್ಕನಂಥವರು ಫೋನು ಹಿಡಿದೊಡನೆ ಬರೆಯುವುದಕ್ಕಿಂತ ಫೋಟೋಕ್ಕೂ ದನಿ ಸಂದೇಶಕ್ಕೂ ಒಲಿಯುವುದರಲ್ಲಿ ಇಂಥ ತೊಡಕುಗಳ ಪಾಲೂ ಇದೆ ಅಂತ ನಾನು ನಂಬಿದ್ದೇನೆ. ಒತ್ತಕ್ಷರ ಹುಡುಕಿ ಹುಡುಕಿ ಬೆರಳು ಸೋಲುವ ಬದಲು ಒಂದು ಚಿತ್ರ ತೆಗೆದರೆ ಆಯಿತಲ್ಲ.

ಚಿತ್ರವನ್ನೂ ನೆಟ್ಟನ್ನೂ ನಾನು ಒಟ್ಟಿಗೇ ಮಾತಾಡುವುದಕ್ಕೆ ಕಾರಣ ಇದೆ. ಐಫೋನ್ ಭಾರತಕ್ಕೆ ಬಂದದ್ದು 2008ರ ಆಗಸ್ಟ್‌ನಲ್ಲಿ, 8 ಜಿ.ಬಿ.ಯದಕ್ಕೆ 31,000 ರೂಪಾಯಿ. ಅಷ್ಟು ಬೆಲೆಯ ಫೋನಿನಲ್ಲಿ ಎಂಎಂಎಸ್ ಇರಲಿಲ್ಲ, ನೆಟ್ಟನ್ನು ಲ್ಯಾಪ್‌ಟಾಪಿಗೆ ಹಂಚಲೂ ಬರುತ್ತಿರಲಿಲ್ಲ. 2009ರ ಜೂನ್ 17ರಂದು ಬಂದ ಹೊಸ ತಂತ್ರಾಂಶದಲ್ಲಿ ಎರಡೂ ಒಟ್ಟಿಗೇ ಬಂದವು. ಆದರೆ ಅಮೆರಿಕದಲ್ಲಿ ಆ ಫೋನಿಗೆ ಸೇವೆ ಕೊಡುತ್ತಿದ್ದ ಕಂಪನಿ ಎಂಎಂಎಸ್ ಬಿಟ್ಟುಕೊಟ್ಟದ್ದು ಸೆಪ್ಟೆಂಬರ್ ಕೊನೆಗೆ. ನೆಟ್ಟು ಹಂಚಲು ಬಿಟ್ಟದ್ದು ಮರುವರ್ಷ ಜೂನಿನಲ್ಲಿ, ಅದೂ ತಿಂಗಳಿಗೆ 20 ಡಾಲರ್ ಹೆಚ್ಚಿಗೆ ಕೊಟ್ಟವರಿಗೆ. ದುಡ್ಡು ಕೊಟ್ಟು ಕೊಂಡ ನೆಟ್ಟನ್ನು ನನ್ನದೇ ಇನ್ನೊಂದು ಯಂತ್ರಕ್ಕೆ ಕೊಡಲು ಮತ್ತೆ ದುಡ್ಡು ಕೇಳುವುದು ಸರಿಯಲ್ಲ. 2010ರ ಮೇ ತಿಂಗಳ ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್, ಅಂದರೆ ನೆಟ್ಟನ್ನು ವೈಫೈಯಲ್ಲಿ ಹಂಚುವ ಸೌಲಭ್ಯ, ಫೋನಿನೊಳಗೇ ಬಂತು. ನಮ್ಮಲ್ಲಿ ಈಗಿನ ಮಾಮೂಲಿ ಪ್ಯಾಕುಗಳಲ್ಲಿ ಹಾಟ್‌ಸ್ಪಾಟ್‌ಗೆ ಬೇರೆ ದುಡ್ಡಿಲ್ಲ. ಇರುವ ನೆಟ್ಟು ಇರುವಷ್ಟು ಹೊತ್ತು ಇನ್ನೊಬ್ಬರಿಗೂ ಕೊಡಬಹುದು.

"ಕೊಡೋದು ಅಂದ್ರೆ ಹೆಂಗೆ? ತಂತಿ ಇಲ್ಲ, ಏನೂ ಇಲ್ಲ."

ಅಕ್ಕ, ನಿಮ್ಮ ಮನೆಗೆ ಗುಡ್ಡದ ಅಬ್ಬಿಯಿಂದ ದಂಬೆಯಲ್ಲಿ ನೀರು ಬರುತ್ತಿತ್ತಲ್ಲ, ನಿಮ್ಮ ತೊಟ್ಟಿ ತುಂಬಿ ಉಕ್ಕಿದ್ದು ನಮ್ಮ ಕಡೆಗೆ ಹರಿಯುತ್ತಿತ್ತಲ್ಲ, ಇದೂ ಹಾಗೆಯೇ. ಟವರಿನಿಂದ ನಿಮ್ಮ ಫೋನಿಗೆ ನೆಟ್ಟು ಬರುತ್ತದೆ. ಹಾಟ್‌ಸ್ಪಾಟ್ ಒತ್ತಿದರೆ ನಿಮ್ಮ ಫೋನು ತಾನೇ ಒಂದು ವೈಫೈ ಎಬ್ಬಿಸುತ್ತದೆ. ನನ್ನ ಲ್ಯಾಪ್‌ಟಾಪ್ ಆ ವೈಫೈ ಹಿಡಿದುಕೊಳ್ಳುತ್ತದೆ. ಟವರಿಗೆ ಕಾಣುವುದು ನಿಮ್ಮ ಫೋನೊಂದೇ. ಅದರ ಹಿಂದೆ ಕೂತ ನಾವೆಲ್ಲ ನಿಮ್ಮ ಫೋನಿನ ಲೆಕ್ಕದಲ್ಲೇ ಒಳಗೆ ಬಂದು ಹೋಗುವವರು.

ಮಲೆನಾಡಿನವರಿಗೆ ಇದರಲ್ಲಿ ಒಂದು ದೊಡ್ಡ ಉಪಾಯ ಅಡಗಿದೆ. ಎಷ್ಟೋ ಜನ ಇದನ್ನು ಇನ್ನೂ ಪ್ರಯೋಗ ಮಾಡಿ ನೋಡಿಲ್ಲ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ನಮ್ಮ ಮನೆಗಳು ತಗ್ಗಿನಲ್ಲಿ, ತೋಟದ ತಲೆಯಲ್ಲಿ. ಗೋಡೆ ಮಣ್ಣಿನದು, ಮೊಳದಷ್ಟು ದಪ್ಪ. ಜಗಲಿಯಲ್ಲಿ ರೇಂಜ್ ಇರುವುದಿಲ್ಲ. ಅಟ್ಟದ ಕಿಟಕಿಯ ಒಂದು ಮೂಲೆಯಲ್ಲೋ, ಅಂಗಳದ ಆಚೆ ತುದಿಯಲ್ಲೋ, ಧರೆಯ ಮೇಲಿನ ಹಲಸಿನ ಮರದ ಹತ್ತಿರವೋ ಒಂದೆರಡು ಗೆರೆ ಸಿಗುತ್ತದೆ. ಹಾಗಾಗಿ ಕೆಲಸ ಇದ್ದವರು ಫೋನು ಹಿಡಿದುಕೊಂಡು ಆ ಮೂಲೆಯಲ್ಲೇ ನಿಂತಿರುತ್ತಾರೆ. ನಿಲ್ಲಬೇಕಾಗಿಲ್ಲ. ನಿಲ್ಲಬೇಕಾದ್ದು ಫೋನು. ಅದನ್ನು ರೇಂಜ್ ಸಿಗುವ ಜಾಗದಲ್ಲಿ ಬಿಟ್ಟು, ಹಾಟ್‌ಸ್ಪಾಟ್ ಒತ್ತಿ, ನೀವು ಕೆಳಗೆ ಬಂದು ಕೂತು ಇನ್ನೊಂದು ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಕೆಲಸ ಮಾಡಿ. ಟವರಿನ ಅಲೆ ನಿಮ್ಮ ಜಗಲಿ ಮುಟ್ಟದೇ ಇರಬಹುದು; ಅಟ್ಟದಿಂದ ಜಗಲಿಗೆ ವೈಫೈ ಮುಟ್ಟುತ್ತದೆ. ಹಳೇ ಫೋನೊಂದು ಪೆಟ್ಟಿಗೆಯಲ್ಲಿ ಬಿದ್ದಿದ್ದರೆ ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಅದಕ್ಕೊಂದು ಸಿಮ್ ಹಾಕಿ ಅಟ್ಟದಲ್ಲಿ ಪ್ಲಗ್ಗಿನ ಹತ್ತಿರ ಇಟ್ಟರೆ ಆಯಿತು.

ಸೆಟ್ಟಿಂಗಿನಲ್ಲಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಅಂತ ಎರಡು ಕೇಳುತ್ತದೆ. ಗೋಡೆ ದಾಟಬೇಕು, ದೂರ ಹೋಗಬೇಕು ಅಂದರೆ 2.4 ಇರಲಿ. ಒಂದೇ ಕೋಣೆಯಲ್ಲಿ ಕೂತಿದ್ದರೆ 5 ಚುರುಕು. ಹಂಚಿನ ಮಾಡು ಅಷ್ಟಾಗಿ ತಡೆಯುವುದಿಲ್ಲ, ತಗಡಿನ ಶೀಟು ತಡೆಯುತ್ತದೆ. ಮಳೆಗಾಲದ ಒದ್ದೆ ಎಲೆಗಳೂ ಅಲೆಯನ್ನು ಹೀರುತ್ತವೆ. ಬೇಸಿಗೆಯಲ್ಲಿ ಬೇಲಿ ದಾಟಿ ಬರುತ್ತಿದ್ದ ವೈಫೈ ಆಷಾಢದಲ್ಲಿ ಸೊರಗಿದರೆ ಫೋನು ಕೆಟ್ಟಿತೆಂದು ಗಾಬರಿ ಬೇಡ. ಲ್ಯಾಪ್‌ಟಾಪ್ ಪಕ್ಕದಲ್ಲೇ ಇದ್ದರೆ ಯುಎಸ್‌ಬಿ ತಂತಿಯಲ್ಲಿ ಕೊಡುವುದು ಎಲ್ಲಕ್ಕಿಂತ ಗಟ್ಟಿ. ಫೋನು ಚಾರ್ಜೂ ಆಗುತ್ತದೆ. ಬ್ಲೂಟೂತಿನಲ್ಲೂ ಕೊಡಬಹುದು, ನಿಧಾನ, ಆದರೆ ಬ್ಯಾಟರಿ ಉಳಿಯುತ್ತದೆ. ಕರೆಂಟು ಹೋದ ರಾತ್ರಿ ಒಂದು ಮೇಲ್ ಕಳಿಸಬೇಕಿದ್ದರೆ ಅದು ಸಾಕು. ವೈಫೈ ಹಾಟ್‌ಸ್ಪಾಟಿನಲ್ಲಿ ಫೋನು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ದಿಂಬಿನ ಅಡಿ, ಬಿಸಿಲಿನ ಕಿಟಕಿ ಎರಡೂ ಬೇಡ.

ಡೇಟಾ ಲೆಕ್ಕ ಮಾತ್ರ ಗಮನದಲ್ಲಿರಬೇಕು. 2016ರ ಸೆಪ್ಟೆಂಬರಿಗೆ ಮೊದಲು ತಿಂಗಳಿಗೆ 1 ಜಿ.ಬಿ.ಗೆ ಸುಮಾರು 250 ರೂಪಾಯಿ ಕೊಡುತ್ತಿದ್ದವರು ನಾವು. ಈಗ ದಿನಕ್ಕೇ ಒಂದೂವರೆ, ಎರಡು ಜಿ.ಬಿ.ಯ ಪ್ಯಾಕುಗಳಿವೆ. ಆದರೂ ಲ್ಯಾಪ್‌ಟಾಪ್ ಅದನ್ನು ನುಂಗುವ ರೀತಿಯೇ ಬೇರೆ. ವೈಫೈ ಸಿಕ್ಕಿತೆಂದು ವಿಂಡೋಸ್ ತನ್ನ ಅಪ್‌ಡೇಟುಗಳನ್ನು ಹಿಂದಿನಿಂದ ಇಳಿಸಲು ಶುರು ಮಾಡುತ್ತದೆ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ 'ಮೀಟರ್ಡ್' ಅಂತ ಗುರುತು ಮಾಡಿದರೆ ಅದು ಸುಮ್ಮನಾಗುತ್ತದೆ. ದಿನದ ಪಾಲು ಮುಗಿದ ಮೇಲೆ ಬಹಳ ಪ್ಯಾಕುಗಳಲ್ಲಿ ವೇಗ 64 ಕೆ.ಬಿ.ಪಿ.ಎಸ್.ಗೆ ಇಳಿಯುತ್ತದೆ. ಆಗ ಸೋಗೆಯ ಫೋಟೋ ಹೋಗಲು ಕಾಯುತ್ತಾ ಕೂರಬೇಕು.

"ಪಾಸ್‌ವರ್ಡ್ ಯಾರಿಗಾದ್ರೂ ಹೇಳ್ಬಹುದಾ?"

ಯಾರಿಗಾದರೂ ಅಲ್ಲ. ಎಂಟಕ್ಕೆ ಕಡಿಮೆ ಇಲ್ಲದ ಅಕ್ಷರ, ಅಂಕಿಗಳ ಪಾಸ್‌ವರ್ಡ್ ಇರಲಿ. ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಬೇಡಿ. ನಿಮ್ಮ ನೆಟ್ಟಿನಿಂದ ಯಾರಾದರೂ ಕೆಟ್ಟ ಕೆಲಸ ಮಾಡಿದರೆ ವಿಚಾರಣೆಗೆ ಮೊದಲು ಹುಡುಕಿಕೊಂಡು ಬರುವುದು ಸಿಮ್ ಯಾರ ಹೆಸರಿನಲ್ಲಿದೆಯೋ ಅವರನ್ನು. ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಕೇಳಿದರೆ, ಅವರಿಗೆ ತುರ್ತು ಇದ್ದರೆ, ನಿಮ್ಮ ಫೋನಿನಲ್ಲೇ ಆ ಕೆಲಸ ಮಾಡಿಕೊಡಿ. ಮನೆಯವರಿಗೆ, ನೆರೆಯವರಿಗೆ ಕೊಡಿ. ಕೊಟ್ಟ ಮೇಲೆ ಎಷ್ಟು ಫೋನು ಹಿಡಿದುಕೊಂಡಿವೆ ಅಂತ ಪರದೆಯಲ್ಲಿ ಕಾಣುತ್ತದೆ, ಆಗಾಗ ಕಣ್ಣು ಹಾಯಿಸಿ.

ಫೋಟೋ ಕಳಿಸುವುದರಲ್ಲೂ ಎಚ್ಚರ ಬೇಕು ಅನ್ನುವುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. 2012ರ ಆಗಸ್ಟ್. ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆ ನಡೆಯುತ್ತದೆ ಅನ್ನುವ ಸುಳ್ಳು ಸಂದೇಶಗಳು, ಎಲ್ಲಿಯದೋ ಚಿತ್ರಗಳನ್ನು ಎಲ್ಲಿಯದೋ ಅಂತ ತೋರಿಸುವ ಸಂದೇಶಗಳು ಫೋನಿಂದ ಫೋನಿಗೆ ಹರಿದವು. ಬೆಂಗಳೂರಿನ ರೈಲ್ವೆ ನಿಲ್ದಾಣದಲ್ಲಿ ಸಾವಿರಾರು ಜನ ಗಂಟುಮೂಟೆ ಸಮೇತ ಗುವಾಹಟಿಯ ರೈಲಿಗೆ ಮುಗಿಬಿದ್ದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ದೇಶಾದ್ಯಂತ ಒಟ್ಟಿಗೆ 5ಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸುವುದನ್ನೂ 25 ಕೆ.ಬಿ. ಮೀರಿದ ಎಂಎಂಎಸ್‌ಗಳನ್ನು ಹಾಗೆ ಕಳಿಸುವುದನ್ನೂ 15 ದಿನಗಳ ಮಟ್ಟಿಗೆ ತಡೆಯಿತು. ಬೆಂಗಳೂರಿನಲ್ಲಿ ಕೆಲಸ ಮಾಡಿ ಬದುಕುತ್ತಿದ್ದ ಹುಡುಗ ಹುಡುಗಿಯರು ಹೆದರಿ ಓಡಿದ್ದು ನೆನೆದರೆ ಈಗಲೂ ಮನಸ್ಸು ಕುದಿಯುತ್ತದೆ. ತಾನು ತೆಗೆಯದ, ಎಲ್ಲಿಯದೆಂದು ಗೊತ್ತಿಲ್ಲದ ಚಿತ್ರವನ್ನು ಮುಂದಕ್ಕೆ ದೂಡುವ ಹಕ್ಕು ಯಾರಿಗೂ ಇಲ್ಲ ಅನ್ನುವುದು ನನ್ನ ಮಾತು. ಅಕ್ಕನಿಗೂ ಅದನ್ನೇ ಹೇಳಿದೆ. ಅವರು ತಲೆಯಾಡಿಸಿ, "ತೋಟದ್ದು ಮಾತ್ರ ಕಳಿಸ್ತೀನಿ" ಅಂದರು.

ಒಳ್ಳೆಯದಕ್ಕೂ ಒಂದು ಚಿತ್ರ ಹಾಗೆಯೇ ಹರಿದಾಡಿದೆ. 2021ರ ಜೂನ್. ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆಯ ರಸ್ತೆ ಬದಿ. ಜಡಿ ಮಳೆ. ಹುಡುಗಿಯೊಬ್ಬಳು ಆನ್‌ಲೈನ್ ಪಾಠಕ್ಕೆ ಕೂತಿದ್ದಾಳೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಇಲ್ಲಿ ಇದೆ. ಪಕ್ಕದಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ. ಆ ಫೋಟೋ ರಾಜ್ಯವೆಲ್ಲ ಸುತ್ತಿತು. ಕೊರೊನಾದ ಆ ಎರಡು ವರ್ಷ ಮಲೆನಾಡಿನಲ್ಲೂ ಕರಾವಳಿಯ ಒಳಗೂ ಮಕ್ಕಳು ಗುಡ್ಡ ಹತ್ತಿ, ಮರದ ಅಟ್ಟಣಿಗೆ ಕಟ್ಟಿ, ಟಾರ್ಪಾಲಿನ ಕೆಳಗೆ ಕೂತು ಓದಿದ್ದಾರೆ. ಟವರ್ ಕೇಳಿ ಊರಿನವರು ಅರ್ಜಿ ಕೊಟ್ಟಿದ್ದಾರೆ, ಮತ ಹಾಕುವುದಿಲ್ಲ ಅಂತ ಬೋರ್ಡು ಹಾಕಿದ್ದಾರೆ. ಆ ಹಕ್ಕಿನ ಮಾತು ಬಿಡಬಾರದು, ಟವರ್ ಬರಲೇಬೇಕು. ಬರುವ ತನಕ ಒಂದು ಮನೆಗೆ ಸಿಕ್ಕ ರೇಂಜ್ ಪಕ್ಕದ ಮನೆಗೂ ಮುಟ್ಟಲಿ ಅನ್ನುವುದು ನಮ್ಮ ಕೈಯಲ್ಲೇ ಇರುವ ಕೆಲಸ.

ನೆಟ್ಟೇ ಇಲ್ಲದಿದ್ದರೂ ಫೋಟೋ ದಾಟಿಸಬಹುದು, ಅದನ್ನೂ ಅಕ್ಕನ ಜೊತೆ ಮಾಡಿ ನೋಡಿದೆ. ಹಿಂದೆ ಮದುವೆ ಮನೆಗಳಲ್ಲಿ ಎಲ್ಲರೂ ಶೇರ್‌ಇಟ್ ಬಳಸುತ್ತಿದ್ದರು. 2020ರ ಜೂನ್ ಕೊನೆಗೆ ಸರ್ಕಾರ ತಡೆದ 59 ಚೀನಾ ಆ್ಯಪುಗಳಲ್ಲಿ ಅದೂ ಸೇರಿತು. ಈಗ ಆಂಡ್ರಾಯ್ಡ್ ಫೋನುಗಳಲ್ಲಿ ಕ್ವಿಕ್ ಶೇರ್ ಒಳಗೇ ಇದೆ. ಎರಡೂ ಫೋನು ಹತ್ತಿರ ಹಿಡಿದು, ಆ ಕಡೆಯವರು ಒಪ್ಪಿಗೆ ಒತ್ತಿದರೆ ಸಾಕು, ಡೇಟಾ ಒಂದು ಚೂರೂ ಖರ್ಚಾಗದೆ ಇಡೀ ಗಾತ್ರದ ಚಿತ್ರ ಬೇಲಿ ದಾಟುತ್ತದೆ. ಅಕ್ಕನ ಸೋಗೆಯ ಫೋಟೋಗಳು ಹೀಗೆ ನನ್ನ ಫೋನಿಗೆ ಬಂದವು. ನಾನು ಅವನ್ನು ಡಾಕ್ಯುಮೆಂಟ್ ಆಗಿ ತೋಟಗಾರಿಕೆಯವರಿಗೆ ಕಳಿಸಿದೆ. ಎಲೆಚುಕ್ಕಿಯೇ, ಶುರುವಿನಲ್ಲೇ ಇದೆ, ರೋಗ ಬಿದ್ದ ಕೆಳಗಿನ ಸೋಗೆ ತೆಗೆದು ಸುಟ್ಟುಬಿಡಿ, ಔಷಧಿಗೆ ಮೊದಲು ನಾವು ಬಂದು ನೋಡುತ್ತೇವೆ ಅಂತ ಉತ್ತರ ಬಂತು. ನಾಣ್ಯ ಇಟ್ಟು ತೆಗೆದದ್ದು ಒಳ್ಳೆಯದಾಯಿತು ಅಂತಲೂ ಬರೆದಿದ್ದರು. ಆ ಸಾಲನ್ನು ಅಕ್ಕ ನನ್ನಿಂದ ಎರಡೆರಡು ಸಲ ಓದಿಸಿದರು.

ಮಲೆನಾಡಿನಲ್ಲೋ ಇನ್ನೆಲ್ಲೋ ಇದನ್ನು ಓದುತ್ತಿರುವವರಿಗೆ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಹಿರಿಯರಿಗೆ ಫೋನು ಕೊಟ್ಟು ಸುಮ್ಮನೆ ಹೊರಟುಹೋಗಬೇಡಿ, ಪಕ್ಕದಲ್ಲಿ ಕೂತು ಒಂದು ಫೋಟೋ ಅವರ ಕೈಯಿಂದಲೇ ಕಳಿಸಿ ನೋಡಿ. ನಿಮ್ಮ ಅಟ್ಟದಲ್ಲಿ ರೇಂಜ್ ಸಿಗುತ್ತದೆ, ಪಕ್ಕದ ಮನೆಯಲ್ಲಿ ಸಿಗುವುದಿಲ್ಲ, ಆ ಮನೆಯಲ್ಲಿ ಎಸ್ಸೆಸ್ಸೆಲ್ಸಿಗೋ ಪಿಯುಸಿಗೋ ಓದುವ ಮಗು ಇದೆ ಅಂತಾದರೆ, ಅವರು ಬಂದು ಕೇಳುವ ತನಕ ಕಾಯದೆ ಇವತ್ತು ಸಂಜೆಯೇ ಹೋಗಿ ಪಾಸ್‌ವರ್ಡ್ ಬರೆದುಕೊಟ್ಟು ಬನ್ನಿ.